ಅಳಲಿಗೂ ಪಲ್ಲವಿ ಬೇಕು

ನೋವಿನಿಂದ ಚೇತರಿಸಿಕೊಂಡವರ ಕ್ರೈಸ್ತ ಕವಿತೆಗಳಲ್ಲಿ ಒಂದು ಅವಸರವಿದೆ: ಮೊದಲ ಸಾಲಿನಲ್ಲಿ ಕತ್ತಲು, ಮೂರನೆಯದರಲ್ಲೇ ಬೆಳಕು. ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ ಸೀಮೆಯನ್ನು ನೆನೆದು ಓದಿದರೆ ಈ ಅವಸರವನ್ನು ನಂಬುವಂತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಅಲ್ಲಿನ ಕಲ್ಲು-ಮಣ್ಣಿನ ಮನೆಗಳನ್ನು ಮಲಗಿದ್ದವರ ಮೇಲೆಯೇ ಕೆಡವಿತು. ಊರುಗಳನ್ನು ಬೇರೆಡೆ ಕಟ್ಟಲು ವರ್ಷಗಳೇ ಹಿಡಿದವು. ಮನೆಗಿಂತ ಮನಸ್ಸು ಬೇಗ ಎದ್ದೀತೆ? ಬೈಬಲ್ಲಿಗೂ ಆ ಅವಸರವಿಲ್ಲ: ಅದರ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಅಳಲಿನವೇ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ. ಅವಿಶ್ವಾಸವೆಂದು ಅದನ್ನು ಯಾರೂ ಕಿತ್ತು ಹಾಕಲಿಲ್ಲ.

ಕುಸಿದವರಿಗೆ ಬೇಕಾದ್ದು ಸಾಂತ್ವನ, ಇನ್ನಷ್ಟು ಅಳುವಲ್ಲ ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಕೇಳಿಸಿಕೊಳ್ಳದೆ ಕೊಟ್ಟ ಸಾಂತ್ವನ ಬಾಯಿ ಮುಚ್ಚಿಸುತ್ತದೆಯೇ ಹೊರತು ಗಾಯ ಮಾಯಿಸುವುದಿಲ್ಲ. ವೈದ್ಯರ ಕೆಲಸವನ್ನು ಕವಿತೆ ಮಾಡದು; ಮಾಡುತ್ತೇನೆಂದು ಹೇಳಲೂಬಾರದು. ಇನ್ನು ಭಾಷೆಯ ಮಾತು. ಉದಗೀರ, ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು; ಕನ್ನಡ, ಮರಾಠಿ ಎರಡೂ ಆ ಸೀಮೆಯ ಮನೆಮಾತುಗಳೇ. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು (1861–1919) ಅಭಂಗವೆಂಬ ಭಕ್ತಿಪದದ ಧಾಟಿಯಲ್ಲೇ ಕ್ರಿಸ್ತನನ್ನು ಹಾಡಿದರು. ಕನ್ನಡ ನಿಘಂಟು ರಚಿಸಿದ ಕಿಟೆಲ್ 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ಕನ್ನಡ ಪದ್ಯಕ್ಕೆ ತಂದರು. ಹಾಗಿರುವಾಗ ಇಂದಿನ ಭಕ್ತಿಕವಿತೆ ಹೊರಗಿನ ಹಾಡುಗಳ ಒಣ ಅನುವಾದವಾಗಬೇಕಿಲ್ಲ. ದುಃಖವನ್ನು ಹಾಡಿಕೊಳ್ಳುವ ಜನಪದರ ರೂಢಿ ಕೈಯಳತೆಯಲ್ಲೇ ಇದೆ. ಗಡಿಸೀಮೆಯ ಸಭೆಗಳು ಮುಂದಿನ ಭಾನುವಾರ ಜಯಗೀತೆಗೆ ಮುನ್ನ ಆ 88ನೆಯ ಕೀರ್ತನೆಯನ್ನೊಮ್ಮೆ ಕನ್ನಡದಲ್ಲಿ ಗಟ್ಟಿಯಾಗಿ ಓದಲಿ.