ಹೊಗೆಗೆ ದಂಡವುಂಟು, ಒಲೆಗೆ ಸಾಲವಿಲ್ಲ!

ದಾವಣಗೆರೆಯ ಮಂಡಕ್ಕಿ ಎಲ್ಲರಿಗೂ ಬೇಕು. ಜಾತ್ರೆಗೆ ಬೇಕು, ಸಂತೆಗೆ ಬೇಕು, ಸಂಜೆಯ ಮೆಣಸಿನಕಾಯಿ ಬಜ್ಜಿಯ ಜೊತೆಗೆ ಬೇಕೇ ಬೇಕು. ಆದರೆ ಆ ಮಂಡಕ್ಕಿಯನ್ನು ಹುರಿಯುವ ಭಟ್ಟಿ ಮಾತ್ರ ಯಾರಿಗೂ ಬೇಡ! ಭಟ್ಟಿಯ ಹೊಗೆಯಿಂದ ಊರು ಕೆಟ್ಟಿತು, ದಂಡ ಹಾಕಿ, ಬೀಗ ಜಡಿಯಿರಿ, ಊರಾಚೆಗೆ ಅಟ್ಟಿರಿ ಎಂದು ಕೂಗುವವರಿಗೆ ಕೊರತೆಯಿಲ್ಲ. ಹೊಗೆಯಿಲ್ಲದ ಒಲೆ ಕಟ್ಟಿಕೊಳ್ಳಲು ಹಣ ಎಲ್ಲಿಂದ ಬರಬೇಕು ಎಂದು ಕೇಳುವವರು ಮಾತ್ರ ಕಾಣರು. ಬಂಧುಗಳೇ, ಆ ಪ್ರಶ್ನೆಯನ್ನು ನಾವು ಕೇಳೋಣ.

ಮೊದಲು ಸತ್ಯವನ್ನು ಸತ್ಯವೆಂದೇ ಹೇಳಬೇಕು. ಹೊಗೆ ಇರುವುದು ನಿಜ. ಭತ್ತ ನೆನೆಸಲು ಬಿಸಿನೀರು ಬೇಕು, ಹುರಿಯಲು ಬೆಂಕಿ ಬೇಕು, ಅಕ್ಕಿಯನ್ನು ಕಾದ ಮರಳಿನಲ್ಲಿ ಅರಳಿಸಲು ಇನ್ನೂ ಜೋರಾದ ಬೆಂಕಿ ಬೇಕು. ಭತ್ತದ ಹೊಟ್ಟೇ ಇದಕ್ಕೆ ಹಿಂದಿನಿಂದ ಬಂದ ಉರುವಲು. ಈಗ ಅದೇ ಹೊಟ್ಟನ್ನು ಅಕ್ಕಿ ಗಿರಣಿಯ ಬಾಯ್ಲರೂ ಕೇಳುತ್ತದೆ, ವಿದ್ಯುತ್ ತಯಾರಿಸುವವನೂ ಕೇಳುತ್ತಾನೆ. ದೊಡ್ಡ ಕೈ ಚಾಚಿದ ಕಡೆ ಸಣ್ಣ ಕೈಗೆ ಸಿಕ್ಕುವುದೇನು? ಕೆಲವು ಭಟ್ಟಿಗಳಲ್ಲಿ ಹಳೆಯ ಟೈರು ಸುಡುವ ಕೆಟ್ಟ ಪದ್ಧತಿ ಬಂದದ್ದು ಹೀಗೆ. ಟೈರು ಅಗ್ಗ, ಉರಿ ಜೋರು. ಆದರೆ ಅದರ ಹೊಗೆ ವಿಷ. ಗಂಧಕದ ಅನಿಲವೂ ಮಸಿಯೂ ಅದರಲ್ಲಿವೆ. ಆ ವಿಷವನ್ನು ಎಲ್ಲರಿಗಿಂತ ಮೊದಲು ಕುಡಿಯುವವನು ಬಂಗಲೆಯವನಲ್ಲ. ಒಲೆಯ ಮುಂದೆ ನಿಂತು ಮರಳು ಜರಡಿ ಹಿಡಿಯುವ ಕೂಲಿಗಾರ. ಅವನ ಪುಪ್ಪುಸದ ಲೆಕ್ಕ ಯಾವ ಖಾತೆಯಲ್ಲೂ ಬರೆದಿಲ್ಲ.

ಇದಕ್ಕೆ ಪರಿಹಾರ ಇಲ್ಲವೆ? ಇದೆ. ಶಾಖ ಹೊರಗೆ ಸೋರದಂತೆ ಸುತ್ತ ಮುಚ್ಚಿದ ಒಲೆ, ಕೆಳಗಿನಿಂದ ಗಾಳಿ ಆಡುವ ಜಾಲರಿ, ಎತ್ತರದ ಚಿಮಣಿ. ಚಿಮಣಿಗೆ ಹೋಗುವ ಬಿಸಿಯಿಂದಲೇ ಭತ್ತದ ನೀರನ್ನು ಕಾಯಿಸಬಹುದು. ಹೊಟ್ಟನ್ನು ಅನಿಲ ಮಾಡಿ ಉರಿಸುವ ಯಂತ್ರವೂ ಉಂಟು. ಉರುವಲು ಕಡಿಮೆ ಸಾಕು, ಹೊಗೆಯೂ ಕಡಿಮೆ. ವಿದ್ಯೆ ಕೈಗೆ ಎಟುಕುವಂತಿದೆ, ಎಟುಕದಿರುವುದು ಬಂಡವಾಳ.

ಲೆಕ್ಕ ಹಾಕೋಣ. ಮಾತಿಗೆ, ಅಂಥ ಒಲೆಗೆ 2 ಲಕ್ಷ ರೂಪಾಯಿ ಬೇಕೆಂದು ಇಟ್ಟುಕೊಳ್ಳಿ. ಬ್ಯಾಂಕು ನೂರಕ್ಕೆ 12ರ ವಾರ್ಷಿಕ ಬಡ್ಡಿಗೆ 5 ವರ್ಷದ ಸಾಲ ಕೊಟ್ಟರೆ ತಿಂಗಳ ಕಂತು ಸುಮಾರು 4,450 ರೂಪಾಯಿ, ದಿನಕ್ಕೆ 150. ಉರುವಲಿನ ಉಳಿತಾಯದಲ್ಲಿ ಒಂದು ಪಾಲನ್ನು ಸೇರಿಸಿದರೆ ಇದನ್ನು ಕಟ್ಟುವುದು ಅಸಾಧ್ಯವಲ್ಲ. ಇನ್ನು ದಿನದ ಬಡ್ಡಿಯವನ ಲೆಕ್ಕ ನೋಡಿ. ನೂರು ರೂಪಾಯಿ ಸಾಲವೆಂದು ಬರೆದುಕೊಂಡು ಕೈಗೆ 90 ಕೊಡುತ್ತಾನೆ. ದಿನಕ್ಕೊಂದರಂತೆ ನೂರು ದಿನ ವಸೂಲು ಮಾಡುತ್ತಾನೆ. ಹತ್ತೇ ರೂಪಾಯಿ ಬಡ್ಡಿ ಎಂದು ಕಾಣುತ್ತದೆ. ಆದರೆ ದಿನವೂ ಅಸಲು ತೀರುತ್ತಾ ಹೋಗುವುದರಿಂದ ಸಾಲಗಾರನ ಕೈಯಲ್ಲಿ ಸರಾಸರಿ ಇರುವುದು 45 ರೂಪಾಯಿ ಮಾತ್ರ. ವರ್ಷದ ಲೆಕ್ಕಕ್ಕೆ ಇಳಿಸಿದರೆ ಬಡ್ಡಿ ನೂರಕ್ಕೆ 80ರ ಸುಮಾರು! ಈ ಹಣದಿಂದ ಹೊಸ ಒಲೆ ಕಟ್ಟಿದವನು ಅದೇ ಒಲೆಯಲ್ಲಿ ತಾನೇ ಬೇಯುತ್ತಾನೆ.

"ಸರ್ಕಾರದ ಯೋಜನೆಗಳು ಇಲ್ಲವೆ?" ಎಂದು ಕೇಳುವವರುಂಟು. ಇವೆ, ಕಾಗದದಲ್ಲಿ ಬೇಕಾದಷ್ಟಿವೆ. 2000ರಲ್ಲಿ ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ನಿಧಿ ಬಂತು. 10 ಲಕ್ಷದವರೆಗಿನ ಸಾಲಕ್ಕೆ ಆಧಾರ ಕೇಳಕೂಡದೆಂದು ರಿಸರ್ವ್ ಬ್ಯಾಂಕು 2010ರಲ್ಲೇ ಬ್ಯಾಂಕುಗಳಿಗೆ ಹೇಳಿತು. 2015ರಲ್ಲಿ ಮುದ್ರಾ ಯೋಜನೆ ಬಂತು. ಆದರೆ ಭಟ್ಟಿಯವನು ಕೌಂಟರಿನ ಮುಂದೆ ನಿಂತರೆ ಕೇಳುವುದೇನು? ಜಾಗದ ಪತ್ರವೆಲ್ಲಿ? ಮೂರು ವರ್ಷದ ಲೆಕ್ಕಪತ್ರವೆಲ್ಲಿ? ಯೋಜನಾ ವರದಿ ಎಲ್ಲಿ? ಬಾಡಿಗೆ ಜಾಗದಲ್ಲಿ, ಬೇರೆಯವರ ಭತ್ತವನ್ನು ಕೂಲಿಗೆ ಹುರಿದುಕೊಡುವವನು ಇವನ್ನೆಲ್ಲ ಎಲ್ಲಿಂದ ತರಬೇಕು? ಖಾತರಿ ನಿಧಿಯ ರಕ್ಷಣೆ ಬ್ಯಾಂಕಿಗೆ. ಅದರ ಶುಲ್ಕದ ಹೊರೆ ಸಾಮಾನ್ಯವಾಗಿ ಸಾಲಗಾರನ ತಲೆಗೆ. ಇದೆಂಥ ನ್ಯಾಯ?

ಸಣ್ಣವನೆಂದರೆ ಯಾರು ಎಂಬುದರಲ್ಲೂ ಮೋಸವಿದೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಕೋಟಿ ರೂಪಾಯಿ ವಹಿವಾಟು ಮಾಡುವವನೂ ಸರ್ಕಾರದ ಲೆಕ್ಕದಲ್ಲಿ 'ಅತಿ ಸಣ್ಣ' ಉದ್ಯಮಿ! ಭಟ್ಟಿಯವನೂ ಅವನೂ ಒಂದೇ ಸಾಲಿನಲ್ಲಿ ನಿಂತರೆ ಮ್ಯಾನೇಜರು ಯಾರಿಗೆ ಕುರ್ಚಿ ಹಾಕುತ್ತಾನೆಂಬುದನ್ನು ಬಿಡಿಸಿ ಹೇಳಬೇಕೆ?

ಪ್ರಕೃತಿಯನ್ನು ಉಳಿಸುವುದಕ್ಕೆ ಹಣವಿಲ್ಲ ಎನ್ನುವಂತಿಲ್ಲ. 2023ರ ಜನವರಿ–ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮೊದಲ ಸಲ ಹಸಿರು ಸಾಲಪತ್ರಗಳನ್ನು ಮಾರಿ 16,000 ಕೋಟಿ ರೂಪಾಯಿ ಎತ್ತಿತು. ನಮ್ಮ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರ ವಿದ್ಯುತ್ ಕೇಂದ್ರ ಎದ್ದು ನಿಂತಿದೆ. ಸೂರ್ಯನಿಂದ ವಿದ್ಯುತ್ ತೆಗೆಯುವುದು ಒಳ್ಳೆಯದೇ. ಅದಕ್ಕೆ ನಮ್ಮ ತಕರಾರಿಲ್ಲ. ದೊಡ್ಡ ಕಂಪನಿಯ ಹಸಿರಿಗೆ ಕೋಟಿಗಟ್ಟಲೆ ಸಾಲ ಹರಿಯುವ ದೇಶದಲ್ಲಿ ಒಂದು ಮಂಡಕ್ಕಿ ಒಲೆಗೆ 2 ಲಕ್ಷ ಹುಟ್ಟುವುದಿಲ್ಲವೆಂದರೆ ತಕರಾರು ಅಲ್ಲಿದೆ. ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಸೇರಿತು. ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆಯ ಮಾತೂ ಆಗ ಬಂತು. 2025ರ ಮಾರ್ಚಿಗೆ ಆ ಯೋಜನೆಯ ಅವಧಿ ಮುಗಿಯಿತು. ಒಲೆಯ ಸಾಲದ ಪ್ರಶ್ನೆ ಮುಗಿಯಲಿಲ್ಲ.

"ಸಣ್ಣವರಿಗೆ ಕೊಟ್ಟ ಸಾಲ ಮುಳುಗುತ್ತದೆ" ಎಂಬ ಮಾತನ್ನು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. 2014-15ರಿಂದ 2023-24ರವರೆಗಿನ ಹತ್ತು ವರ್ಷಗಳಲ್ಲಿ ಬ್ಯಾಂಕುಗಳು ಖಾತೆಯಿಂದ ತೆಗೆದುಹಾಕಿದ ಸಾಲ 16 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅದರಲ್ಲಿ 9 ಲಕ್ಷ ಕೋಟಿಗೂ ಮಿಕ್ಕಿ ದೊಡ್ಡ ಉದ್ಯಮಗಳದ್ದು. ಸರ್ಕಾರವೇ 2025ರಲ್ಲಿ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ ಇದು. ಖಾತೆಯಿಂದ ತೆಗೆದರೂ ವಸೂಲಿ ಬಿಟ್ಟಿಲ್ಲ ಎಂದು ಸಮಜಾಯಿಷಿ ಕೊಡುತ್ತಾರೆ. ಆಗಲಿ. ಮುಳುಗಿಸಿದವರಲ್ಲಿ ದೊಡ್ಡ ಪಾಲು ಯಾರದು, ಅನುಮಾನ ಯಾರ ಮೇಲೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. ಕನ್ನಡ ನಾಡಿನಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಒಂದು ಸಣ್ಣ ಬ್ಯಾಂಕು ಹುಟ್ಟಿತು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು: ಏಜೆಂಟನು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಬರೆದುಕೊಳ್ಳುತ್ತಿದ್ದ. ದಿನಗೂಲಿಯವನಿಗೆ ತಿಂಗಳ ಕಂತು ಭಾರ, ದಿನದ ಕಂತು ಹಗುರ ಎಂಬ ಸರಳ ಸತ್ಯವನ್ನು ಅವರು ಅರಿತಿದ್ದರು. 1969ರಲ್ಲಿ ಆ ಬ್ಯಾಂಕು ರಾಷ್ಟ್ರೀಕರಣವಾಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋಯಿತು, ಬುದ್ಧಿ ಹೋಗಬೇಕಾಗಿಲ್ಲ. 1995ರಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆಯೂ ಗ್ರಾಮೀಣ ಬ್ಯಾಂಕುಗಳ ಸಾಲವನ್ನು ಜೋಡಿಸಿಯೇ ನಮ್ಮ ಹಳ್ಳಿಗಳ ಬಡವರ ಮನೆಗೆ ಸೌರದೀಪ ಮುಟ್ಟಿಸಿತು. ದೀಪಕ್ಕೆ ಆದದ್ದು ಒಲೆಗೆ ಆಗದೆ?

ಆದುದರಿಂದ ನಮ್ಮ ಬೇಡಿಕೆಗಳು ಇವು:

1. ಹೊಗೆಯಿಲ್ಲದ ಒಲೆಯ ಒಂದು ಮಾದರಿ ಯೋಜನಾ ವರದಿಯನ್ನು ಜಿಲ್ಲಾಡಳಿತವೇ ಬರೆಸಿ ಎಲ್ಲ ಭಟ್ಟಿಗಳಿಗೂ ಪುಕ್ಕಟೆ ಕೊಡಲಿ. ಒಬ್ಬೊಬ್ಬನೂ ಲೆಕ್ಕಿಗನ ಬಾಗಿಲು ಕಾಯುವುದು ತಪ್ಪಲಿ.

2. ಆಧಾರವಿಲ್ಲದೆ ಸಾಲ ಕೊಡಲಿ. ಪಿಗ್ಮಿಯಂತೆ ದಿನದ ಕಂತಿನಲ್ಲಿ ಪಡೆಯಲಿ. ಖಾತರಿ ಶುಲ್ಕವನ್ನು ರಾಜ್ಯ ಸರ್ಕಾರ ಭರಿಸಲಿ.

3. ಭಟ್ಟಿಯವರೂ ಕೆಲಸಗಾರರೂ ಇಬ್ಬರೂ ಸದಸ್ಯರಾಗಿರುವ ಸಹಕಾರ ಸಂಘ ಆಗಲಿ. ಹೊಟ್ಟನ್ನು ಒಟ್ಟಿಗೆ ಕೊಳ್ಳುವುದು, ಸಾಲಕ್ಕೆ ಒಟ್ಟಿಗೆ ಜಾಮೀನು ನಿಲ್ಲುವುದು ಅದರ ಕೆಲಸ.

4. ಹಸಿರು ಸಾಲಪತ್ರದ ಹಣದಲ್ಲಿ ಒಂದು ಪಾಲು ಸಣ್ಣ ಕಸುಬುಗಳಿಗೆಂದೇ ಮೀಸಲಾಗಲಿ.

5. ಸಾಲ ಪಡೆದ ಮಾಲೀಕ ಟೈರು ಸುಡಕೂಡದು, ಮಕ್ಕಳನ್ನು ದುಡಿಸಕೂಡದು. ಉರುವಲಿನ ಉಳಿತಾಯದಲ್ಲಿ ಕೂಲಿಗಾರನಿಗೂ ಪಾಲು ಕೊಡಬೇಕು. ಹೊಸ ಒಲೆಯ ನೆಪದಲ್ಲಿ ಒಬ್ಬನ ಕೂಲಿಯನ್ನೂ ಕಡಿಯಕೂಡದು.

ಐದನೆಯ ಬೇಡಿಕೆ ಕೆಲವು ಮಾಲೀಕರಿಗೆ ಕಹಿಯಾಗಬಹುದು. ಆದರೆ ಜನರ ಹಣ ಬೇಕೆಂದವರು ಜನರ ನ್ಯಾಯಕ್ಕೂ ಒಪ್ಪಬೇಕು.

ಮಿಲ್ಲು ಕಾರ್ಮಿಕ ಬಂಧುಗಳೇ, ಭಟ್ಟಿಯ ಗೋಳು ನಮಗೇಕೆ ಎನ್ನಬೇಡಿ. ಈ ಊರಿನಲ್ಲಿ ಹತ್ತಿ ಮಿಲ್ಲುಗಳ ಬಾಗಿಲು ಮುಚ್ಚಿದ್ದನ್ನು ಕಂಡವರು ನೀವು. ಭಟ್ಟಿಗೆ ಬೀಗ ಬಿದ್ದರೆ ಅಲ್ಲಿಯ ಕೂಲಿಗಾರ ನಾಳೆ ನಿಮ್ಮ ಗೇಟಿನ ಮುಂದೆ ಅರ್ಧ ಕೂಲಿಗೆ ನಿಲ್ಲುತ್ತಾನೆ. ಅಂಗಡಿಕಾರ ಮಿತ್ರರೇ, ಅವನ ಕೂಲಿ ನಿಂತ ದಿನ ನಿಮ್ಮ ತಕ್ಕಡಿಯೂ ನಿಲ್ಲುತ್ತದೆ. ದೊಡ್ಡ ಕಂಪನಿ ಚೀಲದಲ್ಲಿ ತುಂಬಿ ಕಳಿಸಿದ ಮಂಡಕ್ಕಿಯನ್ನು ಮಾರಿ ಎಷ್ಟು ಲಾಭ ಕಂಡೀರಿ?

ದಂಡದ ರಸೀದಿ ಬರೆಯುವುದು ಸುಲಭ; ಅದರಿಂದ ಒಂದು ಗೇಣು ಹೊಗೆಯೂ ಕಡಿಮೆಯಾಗದು. ಕಡಿಮೆ ಮಾಡುವುದು ಹೊಸ ಒಲೆ. ಅದಕ್ಕೆ ಬೇಕಾದ ಹಣ ಜನರ ಠೇವಣಿಯ ರೂಪದಲ್ಲಿ ಬ್ಯಾಂಕಿನಲ್ಲೇ ಇದೆ. ಅದು ನಮ್ಮದೇ ಹಣ. ಭಟ್ಟಿಯವರು, ಕೂಲಿಗಾರರು, ಅಂಗಡಿಯವರು ಒಂದೇ ಮನವಿಗೆ ಸಹಿ ಹಾಕಿ ಒಟ್ಟಾಗಿ ಜಿಲ್ಲಾಧಿಕಾರಿಯ ಕಚೇರಿಗೆ ನಡೆಯೋಣ. ಒಬ್ಬೊಬ್ಬರಾಗಿ ಹೋದರೆ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ಊರೇ ಹೋದರೆ ಕುರ್ಚಿ ಹಾಕಲೇಬೇಕು!