ಕಿವುಡ ಮಕ್ಕಳಿಗೆ ತೊಟ್ಟಿಲಿನಿಂದಲೇ ಭಾಷೆ ಸಿಗಲಿ

ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದ ದಿನದಿಂದ ಮನೆಯವರ ಓಡಾಟವೆಲ್ಲ ಕಿವಿಯ ಸುತ್ತಲೇ ನಡೆಯುತ್ತದೆ. ತಪಾಸಣೆ, ಶ್ರವಣಯಂತ್ರ, ಶಸ್ತ್ರಚಿಕಿತ್ಸೆ, ವಾಕ್ ತರಬೇತಿ ಎಂದು ತಿಂಗಳುಗಳು ಉರುಳುತ್ತಿರುವಾಗ, ಆ ಮಗುವಿಗೆ ಈಗಲೇ, ಪೂರ್ತಿಯಾಗಿ ದಕ್ಕುವ ಭಾಷೆ ಯಾವುದು ಎಂದು ಕೇಳುವವರು ವಿರಳ. ಚಿಕಿತ್ಸೆ ಅಗತ್ಯವೇ ಸರಿ. ಆದರೆ ಅದರ ಫಲ ಕಾಣುವವರೆಗೆ ಮಗುವಿನ ಮಿದುಳಿನ ಬೆಳವಣಿಗೆ ತಡೆದು ನಿಲ್ಲುವುದಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಒಂದು ಭಾಷೆಯೂ ಸರಿಯಾಗಿ ಸಿಗದೆ ಹೋದರೆ ಮಾತಿನ ಜೊತೆಗೆ ಯೋಚನೆಯ ಬೆಳವಣಿಗೆಯೂ ಕುಂಠಿತವಾಗುತ್ತದೆ ಎಂಬುದನ್ನು ಕಳೆದ ಕೆಲವು ದಶಕಗಳ ಸಂಶೋಧನೆ ತೋರಿಸಿಕೊಟ್ಟಿದೆ. ಆ ನಷ್ಟವನ್ನು ತಡೆಯಬಲ್ಲ ಸಂಜ್ಞಾ ಭಾಷೆಯನ್ನು ಎಳವೆಯಲ್ಲೇ ಕಿವುಡ ಮಕ್ಕಳಿಗೆ ಒದಗಿಸಬೇಕೆಂಬುದು ಪೋಷಕರ, ವೈದ್ಯರ, ಶಿಕ್ಷಕರ ಹಾಗೂ ಆಡಳಿತದ ಮುಂದಿಡುತ್ತಿರುವ ಮನವಿ.

ಸಂಜ್ಞಾ ಭಾಷೆಯೆಂದರೆ ಬರಿಯ ಕೈಸನ್ನೆ ಎಂಬ ತಪ್ಪು ತಿಳಿವಳಿಕೆ ಇನ್ನೂ ವ್ಯಾಪಕವಾಗಿದೆ. ಅಮೆರಿಕದ ಗ್ಯಾಲಡೆಟ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಸ್ಟೋಕಿ ಅವರು 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತಿನ ಪದಗಳು ಧ್ವನಿಗಳಿಂದ ಕೂಡಿ ಆಗುವಂತೆಯೇ ಸಂಜ್ಞೆಗಳು ಕೈಯ ಆಕಾರ, ಅದನ್ನು ಹಿಡಿಯುವ ಜಾಗ ಮತ್ತು ಅದರ ಚಲನೆ ಎಂಬ ಸಣ್ಣ ಘಟಕಗಳಿಂದ ನಿಯಮಬದ್ಧವಾಗಿ ಕೂಡಿಕೊಳ್ಳುತ್ತವೆ ಎಂದು ತೋರಿಸಿದರು. ಹುಬ್ಬಿನ ಏರಿಳಿತ, ತಲೆಯ ವಾಲಿಕೆ ಮುಂತಾದವೂ ಇಲ್ಲಿ ವ್ಯಾಕರಣದ ಕೆಲಸ ಮಾಡುತ್ತವೆ. ಸಂಜ್ಞಾ ಭಾಷೆಯಾಡುವ ಕಿವುಡ ತಂದೆತಾಯಿಯರ ಮಡಿಲಲ್ಲಿ ಬೆಳೆಯುವ ಕಿವುಡ ಶಿಶುಗಳು, ಉಳಿದ ಕೂಸುಗಳು ತೊದಲುವ ವಯಸ್ಸಿನಲ್ಲೇ ಕೈಗಳಲ್ಲಿ ತೊದಲುತ್ತವೆ ಎಂಬುದನ್ನು ಲಾರಾ ಆ್ಯನ್ ಪೆಟಿಟೊ ಮತ್ತು ಪೌಲಾ ಮ್ಯಾರೆಂಟೆಟ್ 1991ರಲ್ಲಿ ವರದಿ ಮಾಡಿದರು. ಮಿದುಳು ಹುಡುಕುವುದು ಭಾಷೆಯನ್ನು. ಅದು ಕಿವಿಯಿಂದ ಬಂದರೂ ಕಣ್ಣಿನಿಂದ ಬಂದರೂ ಸ್ವೀಕರಿಸುತ್ತದೆ.

ಭಾಷೆ ಸಿಗದಾಗ ಏನಾಗುತ್ತದೆ ಎಂಬುದಕ್ಕೆ ಮಧ್ಯ ಅಮೆರಿಕದ ನಿಕರಾಗುವಾ ದೇಶದ ಕಿವುಡರ ಬದುಕು ಬಹಳ ಸ್ಪಷ್ಟವಾದ ಸಾಕ್ಷ್ಯ ಒದಗಿಸಿದೆ. 1970ರ ದಶಕದವರೆಗೆ ಅಲ್ಲಿನ ಕಿವುಡರು ಒಬ್ಬರಿಂದೊಬ್ಬರು ದೂರವಾಗಿ, ತಂತಮ್ಮ ಮನೆಗಳಲ್ಲಿ ಹುಟ್ಟಿಕೊಂಡ ಕೆಲವು ಸನ್ನೆಗಳನ್ನೇ ನಂಬಿ ಬದುಕುತ್ತಿದ್ದರು. ಸಂಶೋಧಕರು ಇವನ್ನು 'ಮನೆಸನ್ನೆ' ಎಂಬರ್ಥದ ಹೆಸರಿನಿಂದ ಗುರುತಿಸುತ್ತಾರೆ. 1977ರಲ್ಲಿ ರಾಜಧಾನಿ ಮನಾಗುವಾದಲ್ಲಿ ವಿಶೇಷ ಶಾಲೆ ಆರಂಭವಾದ ಮೇಲೆ, ತರಗತಿಯಲ್ಲಿ ಸ್ಪ್ಯಾನಿಷ್ ಭಾಷೆಯ ತುಟಿ ಓದುವ ಪಾಠ ನಡೆಯುತ್ತಿದ್ದರೂ, ಆಟದ ಬಯಲಿನಲ್ಲಿ ಮತ್ತು ಬಸ್ಸಿನಲ್ಲಿ ಮಕ್ಕಳು ತಮ್ಮ ಸನ್ನೆಗಳನ್ನು ಕೂಡಿಸಿ ಹೊಸ ಭಾಷೆಯೊಂದನ್ನು ಕಟ್ಟಿಕೊಂಡರು. ನಂತರದ ವರ್ಷಗಳಲ್ಲಿ ಎಳೆಯ ವಯಸ್ಸಿಗೇ ಶಾಲೆಗೆ ಬಂದವರು ಆ ಭಾಷೆಯನ್ನು ಇನ್ನಷ್ಟು ಸಮೃದ್ಧಗೊಳಿಸಿದರು.

ಈ ಎರಡು ತಲೆಮಾರುಗಳನ್ನು ಜೆನ್ನಿ ಪಯರ್ಸ್ ಮತ್ತು ಆ್ಯನ್ ಸೆಂಗಾಸ್ ಹೋಲಿಸಿ ನೋಡಿದರು. ವಸ್ತುವೊಂದು ತಾನಿಟ್ಟ ಜಾಗದಲ್ಲೇ ಇದೆಯೆಂದು ನಂಬಿದ ವ್ಯಕ್ತಿ, ಅವನಿಗೆ ತಿಳಿಯದಂತೆ ಅದನ್ನು ಬೇರೆಡೆಗೆ ಸರಿಸಿದ್ದರೆ, ಮರಳಿ ಬಂದಾಗ ಎಲ್ಲಿ ಹುಡುಕುತ್ತಾನೆ ಎಂಬ ಪ್ರಶ್ನೆಗೆ ಸರಿಯುತ್ತರ ಹೇಳಬೇಕಾದರೆ, ಇನ್ನೊಬ್ಬರ ಮನಸ್ಸಿನಲ್ಲಿರುವ ತಪ್ಪು ನಂಬಿಕೆಯನ್ನು ಊಹಿಸಬಲ್ಲ ಸಾಮರ್ಥ್ಯ ಬೇಕಾಗುತ್ತದೆ. ಸಾಮಾನ್ಯವಾಗಿ ಮಕ್ಕಳಿಗೆ ನಾಲ್ಕೈದು ವರ್ಷಕ್ಕೆ ಕೈಗೂಡುವ ಈ ಸಾಮರ್ಥ್ಯದ ಪರೀಕ್ಷೆಯಲ್ಲಿ, ಮೊದಲ ತಲೆಮಾರಿನ ವಯಸ್ಕರು ಕಿರಿಯರಿಗಿಂತ ಹಿಂದೆ ಬಿದ್ದರು. 'ತಿಳಿ', 'ಅಂದುಕೊಳ್ಳು' ಮುಂತಾದ ಮನೋವ್ಯಾಪಾರದ ಕ್ರಿಯಾಪದಗಳೂ ಅವರ ಸಂಜ್ಞೆಗಳಲ್ಲಿ ವಿರಳವಾಗಿದ್ದವು. ಸುಮಾರು ಎರಡು ವರ್ಷಗಳ ಬಳಿಕ ಮತ್ತೆ ನೋಡಿದಾಗ, ಅಂಥ ಕ್ರಿಯಾಪದಗಳನ್ನು ಕಲಿತುಕೊಂಡಿದ್ದ ಹಿರಿಯರು ಪರೀಕ್ಷೆಯಲ್ಲಿಯೂ ಮೇಲೇರಿದ್ದರು. 2009ರಲ್ಲಿ ಪ್ರಕಟವಾದ ಈ ಅಧ್ಯಯನ ತಿಳಿಸುವುದೇನೆಂದರೆ, ವಯಸ್ಸು ಮತ್ತು ಲೋಕಾನುಭವ ಎಷ್ಟಿದ್ದರೂ, ಪರರ ಮನಸ್ಸನ್ನು ಅರಿಯುವ ಯೋಚನೆಗೆ ಭಾಷೆಯ ಆಸರೆ ಬೇಕು.

ಎಣಿಕೆಯ ವಿಷಯದಲ್ಲಿಯೂ ಹೀಗೆಯೇ. ಮನೆಸನ್ನೆಯಷ್ಟೇ ಬಲ್ಲ ನಿಕರಾಗುವಾದ ವಯಸ್ಕರು ದುಡಿದು, ಹಣ ಬಳಸಿ ಬದುಕುತ್ತಿದ್ದರೂ, ಮೂರಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ಪ್ರತಿ ಸಲವೂ ನಿಖರವಾಗಿ ಹಿಡಿದಿಡಲಾರದೆ ಅಂದಾಜಿನ ಮೇಲೆ ನಿಲ್ಲುತ್ತಿದ್ದರು ಎಂದು 2011ರಲ್ಲಿ ಪ್ರಕಟವಾದ ಎಲಿಜಬೆತ್ ಸ್ಪೇಪೆನ್ ಮತ್ತು ಸಂಗಡಿಗರ ಅಧ್ಯಯನ ದಾಖಲಿಸಿದೆ. ಅದೇ ದೇಶದ, ಶಾಲೆಯ ಮೆಟ್ಟಿಲು ಹತ್ತದ, ಕಿವಿ ಕೇಳುವ ಜನರಿಗೆ ಈ ತೊಡಕು ಇರಲಿಲ್ಲ; ಸಂಜ್ಞಾ ಭಾಷೆ ಬಲ್ಲ ಕಿವುಡರಿಗೂ ಇರಲಿಲ್ಲ. ಆದ್ದರಿಂದ ಕೊರತೆಯ ಮೂಲವನ್ನು ಕಿವುಡುತನದಲ್ಲಿ ಹುಡುಕುವಂತಿಲ್ಲ. ಕಿವುಡ ತಂದೆತಾಯಿಯರಿಂದ ಹುಟ್ಟಿನಿಂದಲೇ ಸಂಜ್ಞಾ ಭಾಷೆ ಪಡೆದ ಅಮೆರಿಕದ ಕಿವುಡ ಮಕ್ಕಳು ಪರರ ಮನಸ್ಸನ್ನು ಊಹಿಸುವುದರಲ್ಲಿ ಕೇಳುವ ಮಕ್ಕಳಿಗೆ ಸರಿಸಮವಾಗಿದ್ದರೆಂದು 2007ರ ಅಧ್ಯಯನವೊಂದು ತಿಳಿಸಿರುವುದೂ ಇದನ್ನೇ ದೃಢಪಡಿಸುತ್ತದೆ.

ಸನ್ನೆ ಕಲಿತರೆ ಮಗು ಮಾತು ಕಲಿಯುವುದಿಲ್ಲ ಎಂಬ ಭಯ ಪೋಷಕರಲ್ಲಿದೆ, ಕೆಲವು ತಜ್ಞರಲ್ಲಿಯೂ ಇದೆ. ಇದರ ಬೇರು ಹಳೆಯದು: 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ ತರಗತಿಗಳಲ್ಲಿ ಮಾತಿನ ಬೋಧನೆಯೇ ನಡೆಯಬೇಕು, ಸಂಜ್ಞೆ ಕೂಡದು ಎಂದು ನಿರ್ಣಯಿಸಿತು; 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಅದೇ ಪರಂಪರೆಯ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ಎಳವೆಯಲ್ಲಿ ಸಂಜ್ಞಾ ಭಾಷೆ ಪಡೆದ ಕಿವುಡರು ಮುಂದೆ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಚೆನ್ನಾಗಿ ಗ್ರಹಿಸುತ್ತಾರೆ, ಯಾವ ಭಾಷೆಯೂ ಸರಿಯಾಗಿ ಸಿಗದೆ ಬೆಳೆದವರು ಹಿಂದುಳಿಯುತ್ತಾರೆ ಎಂದು ರೇಚಲ್ ಮೇಬರಿ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಮೊದಲ ಭಾಷೆ ಎರಡನೆಯದಕ್ಕೆ ಅಡಿಪಾಯವಾಗುತ್ತದೆ. ಶ್ರವಣಯಂತ್ರ ಅಥವಾ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಕಿವಿಯ ನರಕ್ಕೆ ವಿದ್ಯುತ್ ಸಂಕೇತ ಮುಟ್ಟಿಸುವ ಸಾಧನ, ಎಲ್ಲ ಮಕ್ಕಳಿಗೂ ಒಂದೇ ಫಲ ಕೊಡುವುದಿಲ್ಲವಾದ್ದರಿಂದ, ಅವುಗಳ ಜೊತೆಗೇ ಸಂಜ್ಞಾ ಭಾಷೆಯೂ ಸಿಗುವುದು ಮಗುವಿನ ಹಿತಕ್ಕೆ ಅವಶ್ಯ.

ಕರ್ನಾಟಕಕ್ಕೆ ಇದು ಹೊರಗಿನಿಂದ ತರಬೇಕಾದ ಕಲ್ಪನೆಯಲ್ಲ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡರ ಸಂಖ್ಯೆ ಹೆಚ್ಚಾಗಿದ್ದು, ಅಲ್ಲಿ ಬೆಳೆದುಬಂದ ಸ್ಥಳೀಯ ಸಂಜ್ಞಾ ಭಾಷೆಯನ್ನು ಕಿವಿ ಕೇಳುವವರೂ ಬಳಸುತ್ತಾರೆ. ಭಾಷಾವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಿವುಡ ಮಕ್ಕಳಿಗೆ ತಕ್ಕ ಭಾಷೆಯಲ್ಲಿ ಶಿಕ್ಷಣ ಕೊಡಬೇಕೆಂದೂ ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು ನೇಮಿಸಬೇಕೆಂದೂ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಭಾರತೀಯ ಸಂಜ್ಞಾ ಭಾಷೆಯ ಏಕರೂಪೀಕರಣದ ಜೊತೆಗೆ ಸ್ಥಳೀಯ ಸಂಜ್ಞಾ ಭಾಷೆಗಳನ್ನು ಗೌರವಿಸಿ, ಸಾಧ್ಯವಿದ್ದೆಡೆ ಕಲಿಸಬೇಕೆಂದೂ ಸೂಚಿಸಿದೆ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 10,000 ಪದಗಳ ನಿಘಂಟನ್ನು ಸಿದ್ಧಪಡಿಸಿದೆ. ಆದರೆ ಶಾಲೆಯ ಬಾಗಿಲಲ್ಲಿ ಆರಂಭವಾಗುವ ಭಾಷೆ ತಡವಾಗಿ ಬಂದ ಭಾಷೆ; ಹುಟ್ಟಿನಿಂದ ಶಾಲೆಯವರೆಗಿನ ವರ್ಷಗಳ ಹೊಣೆಯನ್ನೂ ಯಾರಾದರೂ ಹೊರಬೇಕು.

ಪೋಷಕರು ತಾವೇ ಪ್ರವೀಣರಾಗುವವರೆಗೆ ಕಾಯಬೇಕಿಲ್ಲ. ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಕೇಳುವ ತಂದೆತಾಯಿಯರಿಗೆ ಹುಟ್ಟಿದವರೆಂದು ಅಮೆರಿಕದ ಸಮೀಕ್ಷೆಗಳು ಹೇಳುತ್ತವೆ. ಅಂಥ ಪೋಷಕರು ಮಗುವಿಗೆ ಆರು ತಿಂಗಳು ತುಂಬುವುದರೊಳಗೆ ಸಂಜ್ಞಾ ಭಾಷೆಯನ್ನು ಒದಗಿಸತೊಡಗಿದಾಗ, ಮಗುವಿನ ಪದಸಂಪತ್ತು ವಯಸ್ಸಿಗೆ ತಕ್ಕಂತೆ ಬೆಳೆಯುತ್ತದೆಂದು ಅಲ್ಲಿನ 2021ರ ಅಧ್ಯಯನ ತಿಳಿಸಿದೆ. ಅಜ್ಜ, ಅಜ್ಜಿ, ಅಕ್ಕ, ಅಣ್ಣ ಎಲ್ಲರೂ ಮಗುವಿನ ಕಣ್ಣೆದುರು ಸಂಜ್ಞೆಯಲ್ಲಿ ಮಾತಾಡಿಕೊಂಡರೆ, ಊಟದ ಹೊತ್ತಿನ ಹರಟೆ, ಮುನಿಸು, ತಮಾಷೆಗಳೆಲ್ಲ ಅದಕ್ಕೂ ತಲುಪಿ, ಬೇರೆಯವರ ಮನಸ್ಸಿನ ಪರಿಚಯ ತಾನಾಗಿ ಆಗುತ್ತದೆ.

ಶ್ರವಣದೋಷವನ್ನು ಗುರುತಿಸುವ ವೈದ್ಯರು ಯಂತ್ರದ ಸಲಹೆಯ ಜೊತೆಗೇ ಸಂಜ್ಞಾ ಭಾಷೆಯ ತರಬೇತಿ ಎಲ್ಲಿ ಸಿಗುತ್ತದೆಂಬುದನ್ನೂ ಬರೆದುಕೊಡಬೇಕು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಈ ತಿಳಿವಳಿಕೆ ನೀಡಬೇಕು. ಸಂಜ್ಞಾ ಭಾಷೆಯಲ್ಲೇ ಬೆಳೆದ ಕಿವುಡ ವಯಸ್ಕರನ್ನು ಸರ್ಕಾರ ಸಂಭಾವನೆ ಕೊಟ್ಟು ನೇಮಿಸಿ, ಅವರು ಇಂಥ ಮನೆಗಳಿಗೆ ಹೋಗಿ ತಾಯಿ ಮಗು ಇಬ್ಬರಿಗೂ ಕಲಿಸುವ ವ್ಯವಸ್ಥೆಯನ್ನು ತಾಲ್ಲೂಕು ಮಟ್ಟದಲ್ಲಿ ರೂಪಿಸಬೇಕು. ಓದುಗರು ತಮ್ಮ ಬೀದಿಯಲ್ಲಿ, ನೆಂಟರಲ್ಲಿ ಕಿವುಡ ಕೂಸಿದ್ದರೆ ಆ ಮನೆಯವರಿಗೆ ಈ ಮಾತನ್ನು ಮುಟ್ಟಿಸಬೇಕು ಮತ್ತು ತಾವೂ ಕೆಲವು ಸಂಜ್ಞೆಗಳನ್ನು ಕಲಿಯಬೇಕು. ನಿಕರಾಗುವಾದ ಹಿರಿಯರು ಪ್ರಾಯಕ್ಕೆ ಬಂದ ಮೇಲೆ ಗಳಿಸಿಕೊಂಡದ್ದನ್ನು ಇಲ್ಲಿನ ಮಕ್ಕಳು ತಮ್ಮ ಓರಗೆಯವರ ಜೊತೆಯಲ್ಲೇ ಪಡೆಯಲು ಬೇಕಾಗಿರುವುದು ಸಂಜ್ಞಾ ಭಾಷೆ, ಮತ್ತು ಅದು ಮೊದಲ ವರ್ಷಗಳಲ್ಲಿಯೇ ಸಿಗಬೇಕು.