ಕೊಬ್ಬರಿಗೆ ವರ್ಷ ಕಾಯುತ್ತೇವೆ, ಕಾಲಿಗೆ ಮೂರು ತಿಂಗಳು ಕಾಯಲಾರೆವೇ?

ತೆಂಗಿನಕಾಯಿ ಅಟ್ಟಕ್ಕೆ ಹಾಕಿದರೆ ಕೊಬ್ಬರಿಯಾಗಿ ಇಳಿಯಲು ಹತ್ತು ಹನ್ನೆರಡು ತಿಂಗಳು ಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಸದ್ದು ಮಾಡುವವರೆಗೆ ಕಾಯಿ ಮುಟ್ಟುವುದಿಲ್ಲ. ಇಷ್ಟು ತಾಳ್ಮೆ ಇರುವ ನಮ್ಮ ಮನೆಗಳಲ್ಲೇ ಕಾಲಿಗೆ ಆಪರೇಷನ್ ಆದ ಹೆಂಗಸು ಹದಿನೈದನೇ ದಿನಕ್ಕೆ ಕೊಟ್ಟಿಗೆಯಲ್ಲಿ ಇರುತ್ತಾಳೆ.

ನಾವು ಹೇಳುತ್ತಿರುವುದು ಕಾಲಿನ ಹೆಬ್ಬೆರಳ ಬುಡದಲ್ಲಿ ಗಂಟು ಎದ್ದು, ಬೆರಳು ಪಕ್ಕಕ್ಕೆ ವಾಲುವ ತೊಂದರೆಯ ಬಗ್ಗೆ. ಡಾಕ್ಟರು ಇದನ್ನು ‘ಬನಿಯನ್’ ಅನ್ನುತ್ತಾರೆ. ಅಂಗಿಯೊಳಗೆ ಹಾಕುವ ಬನಿಯನ್ನಿಗೂ ಇದಕ್ಕೂ ಸಂಬಂಧವಿಲ್ಲ. ಚೀಟಿಯಲ್ಲಿ ‘ಹ್ಯಾಲಕ್ಸ್ ವಾಲ್ಗಸ್’ ಅಂತ ಬರೆದಿದ್ದರೆ ಅದೂ ಇದೇ.

ಈ ಗಂಟು ಹೊಸದಾಗಿ ಬೆಳೆದ ಗಡ್ಡೆಯಲ್ಲ. ಹೆಬ್ಬೆರಳಿನ ಹಿಂದಿರುವ ಪಾದದ ಮೂಳೆ ಇನ್ನೊಂದು ಕಾಲಿನ ಕಡೆಗೆ ಸರಿಯುತ್ತದೆ. ಬೆರಳು ಎದುರು ದಿಕ್ಕಿಗೆ, ಎರಡನೇ ಬೆರಳಿನ ಮೇಲೆ ವಾಲುತ್ತದೆ. ನಡುವಿನ ಕೀಲು ಹೊರಗೆ ಉಬ್ಬುತ್ತದೆ. ಚಪ್ಪಲಿ ಪಟ್ಟಿ ಉಜ್ಜಿ ಅಲ್ಲಿ ಕೆಂಪಾಗಿ ನೋಯುತ್ತದೆ.

‘ಇದು ಹೈಹೀಲ್ಡ್ ಹಾಕುವ ಪೇಟೆಯವರ ಕಾಯಿಲೆ’ ಅನ್ನುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯ ಇದೆ. 1958ರಲ್ಲಿ ಹಾಂಗ್‌ಕಾಂಗಿನಲ್ಲಿ ಇಬ್ಬರು ಡಾಕ್ಟರು ಶೂ ಹಾಕುವವರ ಮತ್ತು ಬರಿಗಾಲಲ್ಲಿ ಇರುವವರ ಪಾದಗಳನ್ನು ಹೋಲಿಸಿ ನೋಡಿದರು. ಶೂ ಹಾಕುವವರಲ್ಲಿ ನೂರಕ್ಕೆ 33 ಮಂದಿಗೆ ಬೆರಳು ವಾಲಿತ್ತು. ಬರಿಗಾಲಿನವರಲ್ಲಿ ನೂರಕ್ಕೆ ಸುಮಾರು 2 ಮಂದಿಗೆ ಮಾತ್ರ. ಆದರೆ ತಾಯಿಗಿದ್ದರೆ ಮಗಳಿಗೂ ಬರುವ ಸಂಭವ ಹೆಚ್ಚು, ವಯಸ್ಸಾದಂತೆ ಹೆಚ್ಚು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ನಮ್ಮ ಹಳ್ಳಿಯವರು ಈಗ ಬರಿಗಾಲಲ್ಲೂ ಉಳಿದಿಲ್ಲ. ಮದುವೆಗೊಂದು ಚೂಪು ಮೂತಿಯ ಚಪ್ಪಲಿ ಎಲ್ಲರ ಮನೆಯಲ್ಲೂ ಇದೆ.

ನೋವಿಲ್ಲದ ಗಂಟಿಗೆ ಆಪರೇಷನ್ ಬೇಕಿಲ್ಲ. ಮುಂದೆ ಅಗಲವಿರುವ ಚಪ್ಪಲಿ ಹಾಕಿಕೊಂಡೇ ಎಷ್ಟೋ ಜನ ಕಾಲ ಹಾಕುತ್ತಾರೆ. ನಡೆಯಲು ಆಗದಷ್ಟು ನೋವು ಬಂದಾಗ ಡಾಕ್ಟರು ಆಪರೇಷನ್ ಹೇಳುತ್ತಾರೆ. ಉಬ್ಬನ್ನು ಕೆತ್ತಿ ತೆಗೆದರಷ್ಟೇ ಸಾಲದು. ಸಾಮಾನ್ಯವಾಗಿ ಮೂಳೆ ಕತ್ತರಿಸಿ, ಸರಿಸಿ, ನೆಟ್ಟಗೆ ಕೂರಿಸಿ, ಸ್ಕ್ರೂ ಹಾಕುತ್ತಾರೆ. ಅಂದರೆ ಇದು ಕಾಲು ಮುರಿದಷ್ಟೇ ದೊಡ್ಡ ಸಂಗತಿ. ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಬಾವು ಪೂರ್ತಿ ಇಳಿಯಲು ಆರು ತಿಂಗಳು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಮೊದಲ ಮೂರು ತಿಂಗಳು ಆ ಬೆರಳನ್ನು ಕಾಯಬೇಕಾದವರು ಮನೆಯವರು.

ಭಯ ಶುರುವಾಗುವುದೂ ಆಗಲೇ.

ನಮ್ಮ ಕಡೆಯ ಒಬ್ಬ ಅಕ್ಕನಿಗೆ ದೂರದ ಊರಿನಲ್ಲಿ ಈ ಆಪರೇಷನ್ ಆಗಿತ್ತು. ಮೂರನೇ ವಾರ ಕಾಲಿನ ಫೋಟೊ ಕಳಿಸಿ, ‘ಬೆರಳು ಮತ್ತೆ ವಾಲ್ತಾ ಇದೆಯೇನಪ್ಪಾ, ಒಸಿ ನೋಡು’ ಅಂದರು. ನಾವು ಪೇಪರಿನವರು, ಡಾಕ್ಟರಲ್ಲ. ಅವರ ಕೈಲಿದ್ದ ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಮತ್ತೆ ಬರಬೇಕಾದ ತಾರೀಕು ಅದರಲ್ಲಿ ಇತ್ತು. ಅಲ್ಲಿಯವರೆಗೆ ಅನುಮಾನ ಬಂದರೆ ಯಾರನ್ನು ಕೇಳಬೇಕು ಅನ್ನುವುದು ಇರಲಿಲ್ಲ. ಪಕ್ಕದ ಮನೆಯವರು ಎಣ್ಣೆ ಹಚ್ಚಿ ನೀವು ಅಂದರು. ಇನ್ನೊಬ್ಬರು ನಾಟಿ ಮೂಳೆ ಕಟ್ಟುವವರ ಹತ್ತಿರ ಹೋಗಿ ಎಳೆಸಿಕೊಂಡು ಬಾ ಅಂದರು. ಪುಣ್ಯಕ್ಕೆ ಆಕೆ ಎರಡನ್ನೂ ಮಾಡಲಿಲ್ಲ. ಕೂಡುತ್ತಿರುವ ಮೂಳೆಯನ್ನು ಹಿಡಿದು ಎಳೆದರೆ ಸ್ಕ್ರೂ ಸಡಿಲವಾಗಿ, ಕೂರಿಸಿದ ಮೂಳೆ ಜರುಗಬಹುದು.

ಇಂಥ ಅಕ್ಕಂದಿರಿಗೆ ಗೊತ್ತಿರಬೇಕಾದದ್ದು ಇಷ್ಟು.

ಬಾವು ಇರುವಾಗ ಬೆರಳು ಸೊಟ್ಟಗೆ ಕಾಣುವುದು ಸಾಮಾನ್ಯ. ಕಣ್ಣಿಗೆ ಕಂಡದ್ದಕ್ಕಿಂತ ಎಕ್ಸ್‌ರೇ ಹೇಳುವುದೇ ಗಟ್ಟಿ. ಡಾಕ್ಟರು ಕಾಲೂರಲು ಬಿಟ್ಟ ಮೇಲೆ ನಿಂತುಕೊಂಡು ತೆಗೆಸಿದ ಎಕ್ಸ್‌ರೇ ಇನ್ನೂ ಸರಿ. ಮನೆಯಲ್ಲಿ ಅನುಮಾನ ಬಂದರೆ ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ ಪಾದ ಇಟ್ಟು, ಮೇಲಿನಿಂದ ನೇರವಾಗಿ ಫೋಟೊ ತೆಗೆದಿಡಿ. ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಡಾಕ್ಟರಿಗೆ ಗೊತ್ತಾಗುತ್ತದೆ. ವಾರದಿಂದ ವಾರಕ್ಕೆ ವಾಲು ಹೆಚ್ಚಾಗುತ್ತಿದ್ದರೆ ಕೊಟ್ಟ ತಾರೀಕಿನವರೆಗೆ ಕಾಯಬೇಡಿ. ಬೆರಳು ಎರಡನೇ ಬೆರಳಿನಿಂದ ದೂರ, ಎದುರು ದಿಕ್ಕಿಗೆ ತಿರುಗುತ್ತಿದ್ದರೂ ತೋರಿಸಬೇಕು. ಅದೂ ತೊಂದರೆಯೇ.

ಬ್ಯಾಂಡೇಜು ಗಾಯ ಮುಚ್ಚಲು ಮಾತ್ರ ಕಟ್ಟಿದ್ದಲ್ಲ, ಬೆರಳನ್ನು ನೆಟ್ಟಗೆ ಹಿಡಿದಿಡುವುದೂ ಅದೇ. ತುರಿಕೆ ಅಂತ ಮನೆಯಲ್ಲಿ ಬಿಚ್ಚಬೇಡಿ, ನೀರು ಸೋಕಿಸಬೇಡಿ. ಮೊದಲ ಎರಡು ವಾರ ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರಲಿ, ದಿಂಬು ಸಾಲದಿದ್ದರೆ ಮಡಿಸಿದ ಕಂಬಳಿ ಇಡಿ. ಆಸ್ಪತ್ರೆಯವರು ಕೊಟ್ಟ ಗಟ್ಟಿ ಅಡಿಯ ಚಪ್ಪಲಿ ಇಲ್ಲದೆ ಬಚ್ಚಲಿಗೂ ಹೋಗಬೇಡಿ. ಎಷ್ಟು ಭಾರ ಹಾಕಬಹುದು ಅನ್ನುವುದು ಒಂದೊಂದು ಬಗೆಯ ಆಪರೇಷನ್ನಿಗೆ ಒಂದೊಂದು ಥರ. ಪಕ್ಕದೂರಿನವರು ಮಾರನೇ ದಿನವೇ ನಡೆದರು ಅಂತ ನೀವು ನಡೆಯಬೇಡಿ. ಬೆರಳು ಮಡಿಸಿ ಬಿಡಿಸುವ ವ್ಯಾಯಾಮ ಯಾವಾಗಿಂದ ಮಾಡಬೇಕು ಅಂತ ಕೇಳಿಕೊಂಡು ಬನ್ನಿ. ಅದನ್ನು ಬಿಟ್ಟರೆ ನೆಟ್ಟಗಿರುವ ಬೆರಳೂ ಮರಗಟ್ಟುತ್ತದೆ.

ಕುಕ್ಕರುಗಾಲಲ್ಲಿ ಕೂರುವುದು ನಮ್ಮ ಹೆಂಗಸರಿಗೆ ಉಸಿರಾಟದಷ್ಟೇ ಸಹಜ. ಹಾಲು ಕರೆಯಲು, ಪಾತ್ರೆ ಬೆಳಗಲು, ಶೌಚಕ್ಕೆ, ಎಲ್ಲಕ್ಕೂ ಅದೇ ಭಂಗಿ. ಹಾಗೆ ಕೂತು ಹಿಮ್ಮಡಿ ಎದ್ದರೆ ಆಪರೇಷನ್ ಆದ ಕೀಲಿನ ಮೇಲೆ ಭಾರ ಬೀಳುತ್ತದೆ. ಶೌಚಕ್ಕೆ ನಡುವೆ ರಂಧ್ರವಿರುವ ಕಮೋಡ್ ಕುರ್ಚಿ ತಂದುಕೊಳ್ಳಿ, ಮಿಕ್ಕ ಕೆಲಸ ಬೇರೆಯವರು ಮಾಡಲಿ.

ಕಾಲುಂಗುರದ ವಿಷಯ ಹೇಳಲೇಬೇಕು. ಆಪರೇಷನ್ನಿಗೆ ತೆಗೆದ ಉಂಗುರವನ್ನು ‘ಮುತ್ತೈದೆ ಬರಿಬೆರಳಲ್ಲಿ ಇರಬಾರದು’ ಅಂತ ಮನೆಗೆ ಬಂದ ದಿನವೇ ಮತ್ತೆ ತೊಡಿಸಲು ಹೋಗುವವರಿದ್ದಾರೆ. ಬಾತ ಬೆರಳಿಗೆ ಉಂಗುರ ಹಾಕಿದರೆ ಅದು ರಕ್ತ ಓಡಾಟಕ್ಕೇ ಬಿಗಿ. ಬಾವು ಇಳಿದು ಡಾಕ್ಟರು ಹೂಂ ಅನ್ನುವವರೆಗೆ ಅದು ದೇವರ ಮುಂದೆ ಇರಲಿ. ಗಂಡನ ಆಯುಸ್ಸು ಅದರಿಂದ ಕಡಿಮೆಯಾಗುವುದಿಲ್ಲ.

ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದು ನಿಧಾನ, ಕೀವಾಗುವ ಅಪಾಯ ಹೆಚ್ಚು. ಜ್ವರ, ಕೀವು, ಕೆಂಪು ಹರಡುವುದು, ದಿನದಿನಕ್ಕೆ ಏರುವ ನೋವು, ಬೆರಳು ನೀಲಿಗಟ್ಟಿ ತಣ್ಣಗಾಗುವುದು, ಮೀನಖಂಡ ಬಾತು ನೋಯುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ 108ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಡಿದರೂ ಕೆಲವರಲ್ಲಿ ಬೆರಳು ಮತ್ತೆ ವಾಲುತ್ತದೆ. ಮೊದಲೇ ತುಂಬಾ ವಾಲಿದ್ದರೆ, ಕೀಲು ಹುಟ್ಟಿನಿಂದಲೇ ಸಡಿಲವಿದ್ದರೆ, ಮೂಳೆ ಸಾಕಷ್ಟು ಸರಿಯದಿದ್ದರೆ ಹಾಗಾಗಬಹುದು. ‘ನೀನು ಸುಮ್ಮನೆ ಕೂರಲಿಲ್ಲ, ಅದಕ್ಕೇ ಹಿಂಗಾಯ್ತು’ ಅಂತ ಆಕೆಯನ್ನು ಬೈಯುವ ಮೊದಲು, ಕೂರಲು ಬಿಟ್ಟವರು ಯಾರು ಅಂತ ಮನೆಯವರು ಕೇಳಿಕೊಳ್ಳಲಿ.

ಸರ್ಕಾರಕ್ಕೂ ಒಂದು ಮಾತು. ತಿಪಟೂರಿನಿಂದ ಬೆಂಗಳೂರು ಸುಮಾರು 140 ಕಿ.ಮೀ. ತಿಪಟೂರಿಗೆ ರೈಲಾದರೂ ಇದೆ, ಚಿಕ್ಕನಾಯಕನಹಳ್ಳಿ ಪೇಟೆಗೆ ಅದೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಒಳ್ಳೆಯದೇ. ಆದರೆ ಸ್ಕ್ರೂ ಹಾಕಿದ ಕಾಲಿಟ್ಟುಕೊಂಡು ತುಂಬಿದ ಬಸ್ಸು ಹತ್ತುವುದು ಹೇಗೆ? ಬೆಂಗಳೂರಿನ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆಯಲ್ಲೋ ತುಮಕೂರಿನಲ್ಲೋ ಆಪರೇಷನ್ ಆಗಲಿ, ಡ್ರೆಸ್ಸಿಂಗ್, ಆರನೇ ವಾರದ ಎಕ್ಸ್‌ರೇ, ವ್ಯಾಯಾಮ ಹೇಳಿಕೊಡುವುದು ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು. ಎಕ್ಸ್‌ರೇಯನ್ನು ಆಪರೇಷನ್ ಮಾಡಿದ ಡಾಕ್ಟರಿಗೆ ಮೊಬೈಲಿನಲ್ಲಿ ಕಳಿಸಿ ಕೇಳುವ ವ್ಯವಸ್ಥೆ ಇರಬೇಕು. ಮನೆಯಲ್ಲಿ ಕೂತು ಡಾಕ್ಟರ ಜೊತೆ ಮಾತಾಡುವ ಇ-ಸಂಜೀವಿನಿ ಸೇವೆಯನ್ನು ಸರ್ಕಾರವೇ ನಡೆಸುತ್ತಿರುವಾಗ ಇದು ದೊಡ್ಡ ಮಾತಲ್ಲ. ವಾರಕ್ಕೆ ಒಂದು ದಿನ ಇದಕ್ಕೇ ಮೀಸಲಿಟ್ಟರೂ ಸಾಕು.

ಎರಡನೆಯದು, ಡಿಸ್ಚಾರ್ಜ್ ಚೀಟಿಯ ಜೊತೆ ಕನ್ನಡದಲ್ಲಿ ಒಂದು ಹಾಳೆ. ಯಾವ ವಾರ ಏನು ಮಾಡಬೇಕು, ಏನು ಮಾಡಬಾರದು, ಅನುಮಾನ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಇದಕ್ಕೆ ಬಜೆಟ್ ಬೇಕಿಲ್ಲ, ಒಂದು ಝೆರಾಕ್ಸ್ ಸಾಕು. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮುಂದಿನ ಸಭೆಯಲ್ಲಿ ಎತ್ತಿ. ಆಪರೇಷನ್ ಮಾಡಿಸಿಕೊಳ್ಳಲಿರುವವರು ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಅದು ಬರುತ್ತದೆಯೇ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಇವೆಲ್ಲ ಆಗುವವರೆಗೆ ಉಳಿಯುವುದು ಮನೆ. ಕೊಬ್ಬರಿ ಚಿಪ್ಪು ಬಿಡಿಸುವ ಕೂಲಿಗೆ ಹೋಗುವ ಹೆಂಗಸಿಗೆ ಮೂರು ತಿಂಗಳ ಸಂಬಳ ಬಿಡುವುದು ಸಣ್ಣ ವಿಷಯವಲ್ಲ. ಅದಕ್ಕೇ ಮೊದಲು ಲೆಕ್ಕ ಹಾಕಿ: ಕೂಲಿ ಇಲ್ಲದ ದಿನಗಳಿಗೆ ದುಡ್ಡು ಎಲ್ಲಿಂದ, ಸಂಘದ ಕಂತು ಯಾರು ಕಟ್ಟುತ್ತಾರೆ, ಹಸು ಕರೆಯುವವರು ಯಾರು, ಮುದ್ದೆ ತಿರುವುವವರು ಯಾರು. ಈ ನಾಲ್ಕು ಪ್ರಶ್ನೆಗೆ ಮನೆಯ ಗಂಡಸರು ಕೂತು ಉತ್ತರ ಕೊಟ್ಟ ಮೇಲೆ ಡಾಕ್ಟರ ಹತ್ತಿರ ತಾರೀಕು ಕೇಳಿ.